ಚನ್ನಪಟ್ಟಣದ ಮರದ ಆಟಿಕೆಗಳು: ಏಳು ವರ್ಷ, ಇಬ್ಬರು ಮಕ್ಕಳು, 1,800 ರೂಪಾಯಿ

ನಮ್ಮ ಮನೆಯ ಲೆಕ್ಕದ ಪುಸ್ತಕದಲ್ಲಿ ‘ಮಕ್ಕಳ ಆಟ’ ಎಂಬ ಬಾಬತ್ತು 2018ರಲ್ಲಿ, ಮಗಳಿಗೆ ಮೂರು ತಿಂಗಳು ತುಂಬಿದಾಗ ಶುರುವಾಯಿತು. ಖಾಸಗಿ ಕಚೇರಿಯೊಂದರಲ್ಲಿ ಲೆಕ್ಕ ಬರೆಯುವುದೇ ನನ್ನ ಕೆಲಸವಾದ್ದರಿಂದ ಮನೆಯಲ್ಲಿಯೂ ಆ ಚಾಳಿ ಬಿಟ್ಟಿಲ್ಲ. ಹನುಮಂತನಗರದಲ್ಲಿ ಮೊದಲ ಮಹಡಿಯ ಬಾಡಿಗೆ ಮನೆ ನಮ್ಮದು. ಬಾಡಿಗೆ, ಶಾಲೆಯ ಶುಲ್ಕ, ಊರಿನಲ್ಲಿರುವ ಅತ್ತೆಯವರ ಔಷಧಿ ಇವನ್ನೆಲ್ಲ ಕಳೆದ ಮೇಲೆ ಆ ಬಾಬತ್ತಿಗೆ ತಿಂಗಳಿಗೆ 150 ರೂಪಾಯಿಗಿಂತ ಹೆಚ್ಚು ಎತ್ತಿಡುವುದು ನಮಗೆ ಯಾವ ವರ್ಷವೂ ಸಾಧ್ಯವಾಗಲಿಲ್ಲ. ಮಗಳಿಗೆ ಈಗ ಏಳು ವರ್ಷ, ಮಗನಿಗೆ ಮೂರು. ಇಷ್ಟು ಕಾಲದಲ್ಲಿ ಕೊಂಡ ಆಟಿಕೆಗಳಲ್ಲಿ ಇಂದಿಗೂ ಮುರಿಯದೆ ಉಳಿದಿರುವವು, ಉಳಿದಿರುವುದಷ್ಟೇ ಅಲ್ಲದೆ ಇಂದಿಗೂ ಮಕ್ಕಳ ಕೈಗೆ ಸಿಕ್ಕಿ ಆಡಿಸಿಕೊಳ್ಳುತ್ತಿರುವವು, ಬಹುಪಾಲು ಚನ್ನಪಟ್ಟಣದ ಮರದ ಆಟಿಕೆಗಳು. ಕೈ ಬಿಗಿಹಿಡಿದು ಸಂಸಾರ ನಡೆಸುವವರಿಗೆ ಅವು ತಕ್ಕವೇ, ತಕ್ಕವಾದರೆ ಯಾವುವು, ಯಾವುವು ದಂಡ ಎಂಬುದನ್ನು ಬಳಸಿ ನೋಡಿದ ಮೇಲೆ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ ಒಪ್ಪಿಸಿಬಿಡುತ್ತೇನೆ. ಗಿಲಕಿ 130 ರೂಪಾಯಿ, ಕಡ್ಡಿಗೆ ಉಂಗುರ ಪೋಣಿಸುವ ಗೋಪುರ 380, ದಾರ ಕಟ್ಟಿ ಎಳೆಯುವ ಬಾತುಕೋಳಿ ಬಂಡಿ 420, ಅಡುಗೆ ಆಟದ ಸಾಮಾನು 550, ಮೂರು ಬುಗುರಿ 120, ಚಿಕ್ಕಪುಟ್ಟ ಊನವಿದ್ದ ಬಿಡಿ ಸಾಮಾನುಗಳ ಒಂದು ಚೀಲ 200. ಒಟ್ಟು 1,800 ರೂಪಾಯಿ. ಏಳು ವರ್ಷಕ್ಕೆ ಹಂಚಿದರೆ ತಿಂಗಳಿಗೆ 21 ರೂಪಾಯಿ ಚಿಲ್ಲರೆ ಬೀಳುತ್ತದೆ. ಇದೇ ಅವಧಿಯಲ್ಲಿ ಪ್ಲಾಸ್ಟಿಕ್ ಆಟಿಕೆಗಳಿಗೆ, ಬ್ಯಾಟರಿ ಹಾಕಿದರೆ ಹಾಡುವ ಮತ್ತು ಮಿನುಗುವ ಸಾಮಾನುಗಳಿಗೆ ನಾನೇ ಕೈಯಾರೆ ಕೊಟ್ಟ ಹಣ 4,300 ರೂಪಾಯಿ. ಅವುಗಳಲ್ಲಿ ಈಗ ಮನೆಯಲ್ಲಿರುವುದು ಎರಡು. ಒಂದು ಸ್ನಾನದ ಮಗ್ಗಾಗಿ ಬಡ್ತಿ ಪಡೆದಿದೆ.

ಮರದ್ದು ದುಬಾರಿ ಎಂಬ ಮಾತನ್ನು ನಾನೂ ಹೇಳಿದವಳೇ. ಗಾಂಧಿ ಬಜಾರಿನ ಬೀದಿಬದಿಯಲ್ಲಿ 60 ರೂಪಾಯಿಗೆ ಕೀಲಿ ಕೊಡುವ ಕೋತಿ ಸಿಗುವಾಗ ಸದ್ದೂ ಮಾಡದ, ತಾನಾಗಿ ಕುಣಿಯಲೂ ಬಾರದ ಬಾತುಕೋಳಿಗೆ 420 ಕೊಡುವುದು ಕರುಳು ಚುರುಕ್ಕೆನ್ನುವ ಸಂಗತಿಯೇ. ಆದರೆ ಕೋತಿ ಕುಣಿಯುವಾಗ ಮಗು ಕೂತು ನೋಡುತ್ತದೆ, ಕೀಲಿ ಮುಗಿದರೆ ಅಮ್ಮನನ್ನು ಕರೆಯುತ್ತದೆ, ನಾಲ್ಕನೆಯ ದಿನ ಕೀಲಿ ತುಂಡಾದರೆ ಅಳುತ್ತದೆ. ಬಾತುಕೋಳಿಯನ್ನು ಮಗುವೇ ಎಳೆಯಬೇಕು. ಅದು ಎಲ್ಲಿಗೆ ಹೋಗುತ್ತಿದೆ, ಏನು ತಿಂದಿತು, ಏಕೆ ಮಲಗಿತು ಎಂಬುದನ್ನೆಲ್ಲ ಮಗುವೇ ಹೇಳಬೇಕು. ಹಾಗೆ ಹೇಳುತ್ತಾ ಹೇಳುತ್ತಾ ನನ್ನ ಮಗಳು ಅದನ್ನು ಎರಡು ವರ್ಷ ಎಳೆದಳು, ನಡುವೆ ಅದು ಎರಡು ವರ್ಷ ಅಟ್ಟದ ಮೇಲೆ ಕುಳಿತಿತ್ತು, ಈಗ ಮಗ ಎಳೆಯುತ್ತಿದ್ದಾನೆ.

ಈ ಆಟಿಕೆಗಳು ಇಷ್ಟು ಕಾಲ ಬಾಳುವುದಕ್ಕೆ ಅವನ್ನು ಮಾಡುವ ಬಗೆಯೇ ಕಾರಣ. ಸಾಂಪ್ರದಾಯಿಕವಾಗಿ ಬಳಸುವುದು ಆಲೆ ಮರ. ಕೆಲವರು ಹಾಲೆ ಎನ್ನುತ್ತಾರೆ. ಬಿಳಿಚು ಬಣ್ಣದ, ಒತ್ತೊತ್ತಾದ ಎಳೆಯ, ಉಳಿಗೆ ಸುಲಭವಾಗಿ ಬಗ್ಗುವ ಮರವದು. ಅದನ್ನು ಕಡಿದು ತಿಂಗಳುಗಟ್ಟಲೆ ಒಣಗಿಸಿ, ಲೇತಿಗೆ ಕಟ್ಟಿ ತಿರುಗಿಸುತ್ತಾ ಉಳಿಯಿಂದ ಕಡೆಯುತ್ತಾರೆ. ಬಣ್ಣ ಬಳಿಯುವುದಕ್ಕೆ ಕುಂಚವಿಲ್ಲ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಗಿರಗಿರನೆ ತಿರುಗುವ ಮರಕ್ಕೆ ಒತ್ತಿ ಹಿಡಿದರೆ ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಅದರ ಮೇಲೆ ತಾಳೆಗರಿ ಒತ್ತಿ ಹಿಡಿದು ಹೊಳಪು ಬರಿಸುತ್ತಾರೆ. ಹಳದಿಗೆ ಅರಿಸಿನ, ನೀಲಿಗೆ ನೀಲಿಗಿಡದ ಬಣ್ಣ ಎಂಬಂತೆ ಸಸ್ಯಮೂಲದ ಬಣ್ಣಗಳನ್ನೇ ಬಳಸುವ ಕುಶಲಕರ್ಮಿಗಳು ಈಗಲೂ ಇದ್ದಾರೆ. ಎಲ್ಲರೂ ಅದನ್ನೇ ಬಳಸುತ್ತಾರೆ ಎಂದು ಮಾತ್ರ ನಂಬಬಾರದು. ಕೊಳ್ಳುವಾಗ ಕೇಳಿಯೇ ಕೊಳ್ಳಬೇಕು. ಮೂಲೆ ಮೊನಚುಗಳಿಲ್ಲದ, ಉರುಟಾದ ಆಕಾರ ಕೂಡ ಲೇತಿನ ಕೊಡುಗೆಯೇ. ತಿರುಗುವ ಮರದಲ್ಲಿ ಚೂಪು ಮೂಲೆ ಮೂಡುವುದು ಕಷ್ಟ. ಟಿಪ್ಪುವಿನ ಕಾಲದಲ್ಲಿ ಪರ್ಷಿಯಾದ ಕುಶಲಕರ್ಮಿಗಳಿಂದ ಈ ವಿದ್ಯೆ ಬಂತೆಂಬುದು ಪ್ರತೀತಿ. ಇದು ಈ ಊರಿನದೇ ಆಟಿಕೆ ಎಂದು ಗುರುತಿಸುವ ಭೌಗೋಳಿಕ ಸೂಚಕದ ಮಾನ್ಯತೆ 2005-06ರಲ್ಲಿ ಸಿಕ್ಕಿತು.

ಇನ್ನು ಒಂದೊಂದಾಗಿ ಹೇಳುವುದಾದರೆ, ಗಿಲಕಿಯ ಬಗ್ಗೆ ಹೆಚ್ಚಿಗೆ ಹೇಳಲು ಏನಿಲ್ಲ. ಇಬ್ಬರೂ ಮಕ್ಕಳು ಹಲ್ಲು ಬರುವಾಗ ಅದನ್ನೇ ಕಚ್ಚಿದರು. ಹಿಡಿಯ ಮೇಲೆ ಎರಡು ಸಾಲು ಹಲ್ಲಿನ ಗುರುತಿದೆ. ಉಂಗುರದ ಗೋಪುರ ಕೂಡ ಕೊಟ್ಟ ಹಣಕ್ಕೆ ಮೋಸ ಮಾಡಲಿಲ್ಲ. ಆರು ತಿಂಗಳಿನಲ್ಲಿ ಬಾಯಿಗೆ, ಒಂದೂವರೆ ವರ್ಷದಲ್ಲಿ ಕಡ್ಡಿಗೆ, ಮೂರರಲ್ಲಿ ಎಣಿಕೆಗೆ, ಐದರಲ್ಲಿ ಬೊಂಬೆಗಳ ಬಳೆಗೆ ಎಂದು ಅದೇ ಐದು ಉಂಗುರಗಳು ಕೆಲಸ ಬದಲಿಸುತ್ತಾ ಬಂದವು. ಇದನ್ನೇ ದೊಡ್ಡ ಮಾಲ್‌ಗಳಲ್ಲಿ ‘ಮಾಂಟೆಸರಿ’ ಎಂಬ ಚೀಟಿ ಅಂಟಿಸಿ ಮೂರು ಪಟ್ಟು ಬೆಲೆಗೆ ಇಟ್ಟಿರುವುದನ್ನು ಕಂಡಿದ್ದೇನೆ. ಆ ಚೀಟಿಯ ದುಡ್ಡಿನಲ್ಲಿ ಒಂದು ತಿಂಗಳ ಹಾಲು ಬರುತ್ತದೆ.

ನಿಜವಾಗಿ ಬರೆಯಬೇಕಾದದ್ದು ಅಡುಗೆ ಆಟದ ಸಾಮಾನಿನ ಬಗ್ಗೆ. ಒಲೆ, ಬಿಂದಿಗೆ, ಒರಳು, ಬೀಸುವ ಕಲ್ಲು, ಮಣೆ, ಲಟ್ಟಣಿಗೆ, ನಾಲ್ಕು ತಟ್ಟೆ, ನಾಲ್ಕು ಲೋಟ, ಎರಡು ಮುಚ್ಚಳದ ಪಾತ್ರೆ, ಎಲ್ಲವೂ ಸೇರಿ ಒಂದು ಬೆತ್ತದ ಬುಟ್ಟಿಯಲ್ಲಿ ಬಂದಿತ್ತು. 2021ರಲ್ಲಿ, ಶಾಲೆಗಳು ಮುಚ್ಚಿ ಮಕ್ಕಳೆಲ್ಲ ಮನೆಯಲ್ಲೇ ಇದ್ದ ದಿನಗಳಲ್ಲಿ ಕೊಂಡೆವು. ತಿಂಗಳ ಬಾಬತ್ತಿಗೆ ಮೀರಿದ ಖರ್ಚಾದ್ದರಿಂದ ಮನೆಯವರಿಗೆ ಹೇಳುವ ಮೊದಲು ಎರಡು ದಿನ ಯೋಚಿಸಿದ್ದೆ. ಅಂದಿನಿಂದ ಇಂದಿನವರೆಗೆ ಆ ಬುಟ್ಟಿ ಇಳಿಯದ ವಾರವಿಲ್ಲ. ದಾಸವಾಳದ ಎಲೆ ಸೊಪ್ಪಿನ ಸಾರಾಗುತ್ತದೆ, ಹೊಂಗೆಯ ಹೂವು ಮಂಡಕ್ಕಿಯಾಗುತ್ತದೆ, ಹರಿದ ಬಸ್ ಚೀಟಿ ಜೀರಿಗೆಯಾಗುತ್ತದೆ. ಮೊದಮೊದಲು ಮಗಳು ನನ್ನನ್ನೇ ಅನುಕರಿಸುತ್ತಿದ್ದಳು. ಒಲೆಯ ಮುಂದೆ ನಿಂತು ‘ಈ ತಿಂಗಳು ಎಣ್ಣೆ ಬೇಗ ಮುಗಿದುಹೋಯಿತು’ ಎಂದು ಅವಳು ಗೊಣಗಿದ್ದನ್ನು ಕೇಳಿ ನನಗೆ ನಗುವೂ ಬಂತು, ನನ್ನ ಮಾತು ಮಕ್ಕಳ ಕಿವಿಗೆ ಎಷ್ಟು ಬೀಳುತ್ತಿದೆ ಎಂಬ ಅಳುಕೂ ಬಂತು. ಆಮೇಲೆ ಅದು ಹೋಟೆಲ್ಲಾಯಿತು. ಕೆಳಗಿನ ಮನೆಯ ಹುಡುಗ ಮಾಣಿ, ಎದುರು ಮನೆಯ ಅವಳಿಗಳು ಗಿರಾಕಿಗಳು, ನಮ್ಮ ಮಗ ಪದೇ ಪದೇ ಬಿಲ್ಲು ಕೊಡದೆ ಓಡುವ ಗಿರಾಕಿ. ಈ ವರ್ಷ ಮಗಳು ಶಾಲೆಯಲ್ಲಿ ಕೂಡುವ ಲೆಕ್ಕ ಕಲಿತ ಮೇಲೆ ಹೋಟೆಲಿಗೆ ದರಪಟ್ಟಿ ಬಂದಿದೆ. ಇಡ್ಲಿ 10, ವಡೆ 15, ಎರಡೂ ಸೇರಿ ತಿಂದರೆ 20. ಐದು ರೂಪಾಯಿ ಏಕೆ ಬಿಟ್ಟೆ ಎಂದು ಕೇಳಿದರೆ, ‘ಇಲ್ಲದಿದ್ದರೆ ಅವರು ಎದುರಿನ ಹೋಟೆಲಿಗೆ ಹೋಗುತ್ತಾರೆ ಅಮ್ಮ’ ಎಂದಳು. 550 ರೂಪಾಯಿಯ ಸಾಮಾನು ನಾಲ್ಕು ವರ್ಷದಿಂದ ದಿನದಿನಕ್ಕೆ ಹೊಸ ಆಟವಾಗುತ್ತಿರುವುದಕ್ಕೆ ಇದಕ್ಕಿಂತ ಬೇರೆ ಪುರಾವೆ ನನ್ನ ಬಳಿ ಇಲ್ಲ. ಈ ಒಂದಕ್ಕೆ ಐದಕ್ಕೆ ಐದು ಅಂಕ.

ಬುಗುರಿಯೂ ಹಾಗೆಯೇ, ಆದರೆ ಒಂದು ಎಚ್ಚರಿಕೆ. ಬೆರಳಿನಿಂದ ತಿರುಗಿಸುವ ಪುಟ್ಟ ಬುಗುರಿ ಮೂರು ವರ್ಷದೊಳಗಿನ ಮಕ್ಕಳಿರುವ ಮನೆಯಲ್ಲಿ ನೆಲದ ಮೇಲೆ ಬಿದ್ದಿರಬಾರದು. ಅದು ಬಾಯಿಗೆ ಹೋಗುವಷ್ಟು ಚಿಕ್ಕದು. ಮಗ ಹುಟ್ಟಿದ ಮೇಲೆ ನಾವು ಮೂರನ್ನೂ ಎರಡು ವರ್ಷ ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದೆವು. ಮಣಿ ಪೋಣಿಸುವ ಸೆಟ್ಟಿಗೂ ಇದೇ ಮಾತು ಅನ್ವಯಿಸುತ್ತದೆ. ಎಣಿಸುವ ಮಣಿಚೌಕಟ್ಟು, ಅಕ್ಷರ ಬರೆದ ಮರದ ಫಲಕಗಳು, ಗೋಡೆಗೆ ನೇತುಹಾಕುವ ಗಡಿಯಾರದ ಬೊಂಬೆ ಇವನ್ನು ಗೆಳತಿಯರ ಮನೆಗಳಲ್ಲಿ ನೋಡಿದ್ದೇನೆ. ಕಲಿಸಲೆಂದೇ ಮಾಡಿದ ಇಂಥ ಸಾಮಾನುಗಳ ಮೇಲೆ ಮಕ್ಕಳಿಗೆ ಅಷ್ಟಕ್ಕಷ್ಟೆ ಒಲವು.

ದೋಷಗಳಿವೆ, ಮುಚ್ಚಿಡುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಶತ್ರು ನೀರು. ಮಗ ಒಂದು ಭಾನುವಾರ ಅಕ್ಕನ ಬಿಂದಿಗೆ, ಲೋಟಗಳನ್ನು ಬಿಸಿನೀರಿನ ಬಕೆಟ್ಟಿಗೆ ಇಳಿಸಿ ಅರ್ಧ ಗಂಟೆ ಆಡಿದ. ಹೊಳಪು ಮಾಸಿ ಬಿಳಿಚಿತು, ಒಂದು ಲೋಟದ ತಳ ಸಣ್ಣಗೆ ಬಿರುಕು ಬಿಟ್ಟಿತು. ಒದ್ದೆ ಬಟ್ಟೆಯಲ್ಲಿ ಒರೆಸಿ ತಕ್ಷಣ ಒಣಗಿಸಬೇಕೇ ಹೊರತು ತೊಳೆಯಬಾರದು, ಬಿಸಿಲಿನಲ್ಲಿಯೂ ಒಣಗಿಸಬಾರದು. ಎರಡನೆಯದು ಚಕ್ರ. ಬಾತುಕೋಳಿ ಬಂಡಿಯ ಹಿಂದಿನ ಚಕ್ರ ಎರಡು ಬಾರಿ ಅಚ್ಚಿನಿಂದ ಕಳಚಿತು. ಎರಡು ಬಾರಿಯೂ ಮನೆಯವರು ಮರಕ್ಕೆ ಹಾಕುವ ಅಂಟು ಹಚ್ಚಿ ರಾತ್ರಿಯಿಡೀ ದಾರ ಸುತ್ತಿಟ್ಟು ಸರಿಪಡಿಸಿದರು. ಎಳೆಯುವ ದಾರ ಕೂಡ ಬೇಕಾದದ್ದಕ್ಕಿಂತ ಉದ್ದವಿತ್ತು. ಮಗುವಿನ ಕುತ್ತಿಗೆಗೆ ಸುತ್ತಿಕೊಳ್ಳುವ ಭಯಕ್ಕೆ ಬಂದ ದಿನವೇ ಒಂದು ಗೇಣಿಗೆ ಕತ್ತರಿಸಿದೆ. ಮೂರನೆಯದು ಭಾರ. ಪ್ಲಾಸ್ಟಿಕ್ ಲೋಟ ಎಸೆದರೆ ಸದ್ದಾಗುತ್ತದೆ, ಮರದ ಒರಳು ಎಸೆದರೆ ಹಣೆ ಊದಿಕೊಳ್ಳುತ್ತದೆ. ಅಕ್ಕ ತಮ್ಮನ ಜಗಳದಲ್ಲಿ ಆ ಒರಳು ಒಮ್ಮೆ ಹಾರಿತು. ಅಂದಿನಿಂದ ಒರಳು, ಬೀಸುವ ಕಲ್ಲು ಎರಡೂ ನನ್ನ ಕಣ್ಣಳತೆಯಲ್ಲಿ ಮಾತ್ರ ಹೊರಬರುತ್ತವೆ.

ಇನ್ನೊಂದು ತೊಂದರೆಯನ್ನು ಯಾವ ಅಂಗಡಿಯವರೂ ಹೇಳುವುದಿಲ್ಲ. ಮೊದಲ ಮಹಡಿಯಲ್ಲಿ ಬಾಡಿಗೆಗಿದ್ದು, ಕೆಳಗೆ ಮನೆ ಮಾಲೀಕರಿದ್ದರೆ ಮಧ್ಯಾಹ್ನ ಎರಡು ಗಂಟೆಗೆ ಬರಿಯ ನೆಲದ ಮೇಲೆ ಮರದ ಬಂಡಿ ಎಳೆಯುವ ಸದ್ದು ಬಾಡಿಗೆ ಕರಾರನ್ನೇ ಅಲುಗಾಡಿಸಬಲ್ಲುದು. ಹಳೆಯ ಜಮಖಾನವೊಂದನ್ನು ನಾಲ್ಕು ಮಡಿಕೆ ಹಾಸಿ ‘ಇದೇ ಊರು, ಇದರಾಚೆ ಬಂಡಿ ಹೋಗುವುದಿಲ್ಲ’ ಎಂದು ಮಗನನ್ನು ಒಪ್ಪಿಸಿದ್ದೇವೆ.

ನಕಲಿಯ ವಿಷಯಕ್ಕೆ ಬಂದರೆ ನಾನೂ ಒಮ್ಮೆ ಟೋಪಿ ಹಾಕಿಸಿಕೊಂಡಿದ್ದೇನೆ. ಪ್ರವಾಸಿಗರು ಹೆಚ್ಚಾಗಿ ಬರುವ ಜಾಗವೊಂದರ ಅಂಗಡಿಯಲ್ಲಿ, ಅದರ ಹೆಸರು ಬೇಡ, ‘ಅಪ್ಪಟ ಚನ್ನಪಟ್ಟಣ’ ಎಂದು ಕೊಟ್ಟ ರೈಲುಬಂಡಿಯ ಕೆಂಪು ಬಣ್ಣ ಮಗಳ ಬೆವರಿದ ಅಂಗೈಗೆ ಹತ್ತಿತು. ಅದನ್ನು ಅಂದೇ ಬಿಸಾಡಿದೆ. ಮೇಲಿನ 1,800ರಲ್ಲಿ ಅದರ ಲೆಕ್ಕವಿಲ್ಲ, ದಂಡದ ಬಾಬತ್ತಿನಲ್ಲಿದೆ. ಆಮೇಲೆ ಕಲಿತದ್ದು ಇಷ್ಟು. ಒದ್ದೆ ಬಿಳಿ ಬಟ್ಟೆಯಿಂದ ಬಿಗಿಯಾಗಿ ಉಜ್ಜಿದರೆ ಬಣ್ಣ ಬಿಡಬಾರದು. ಅರಗಿನ ಬಣ್ಣದಲ್ಲಿ ಕುಂಚದ ಗೆರೆ ಕಾಣುವುದಿಲ್ಲ, ಪೇಂಟಿನ ಘಾಟು ಇರುವುದಿಲ್ಲ, ಬಣ್ಣಗಳು ಒಂದನ್ನೊಂದು ಸೇರುವಲ್ಲಿ ಅಂಚು ಸುತ್ತಲೂ ಒಂದೇ ಸಮ ಇರುತ್ತದೆ. ಐಎಸ್‌ಐ ಗುರುತಿನ ಬಗ್ಗೆಯೂ ಒಂದು ಗೊಂದಲವಿದೆ. 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ 2021ರ ಜನವರಿ 1ರಿಂದ ಆ ಗುರುತು ಕಡ್ಡಾಯವಾಗಿದೆ. ಆದರೆ ನೋಂದಾಯಿತ ಕುಶಲಕರ್ಮಿಗಳು ತಯಾರಿಸಿದ ಕರಕುಶಲ ಆಟಿಕೆಗಳಿಗೆ ಮತ್ತು ಭೌಗೋಳಿಕ ಸೂಚಕದ ನೋಂದಾಯಿತ ಬಳಕೆದಾರರ ಆಟಿಕೆಗಳಿಗೆ ವಿನಾಯಿತಿ ಇದೆ. ಹಾಗಾಗಿ ಮರದ ಬಾತುಕೋಳಿಯ ಮೇಲೆ ಆ ಗುರುತಿಲ್ಲವೆಂಬ ಒಂದೇ ಕಾರಣಕ್ಕೆ ಅದು ಕಳಪೆಯಲ್ಲ. ಬೀದಿಬದಿಯ ಪ್ಲಾಸ್ಟಿಕ್ ಕೋತಿಯ ಮೇಲೆ ಇಲ್ಲದಿದ್ದರೆ ಅದನ್ನು ಮುಟ್ಟದಿರುವುದು ಒಳ್ಳೆಯದು.

ಎಲ್ಲಿ ಕೊಳ್ಳಬೇಕೆಂದು ಕೇಳುವವರಿಗೆ: ಊರೊಳಗೆ ನಂಬಿಕೆಯ ಜಾಗ ಬೇಕಾದರೆ ಕಾವೇರಿ ಮಳಿಗೆ ಇದೆ, ಅದು ರಾಜ್ಯದ ಕರಕುಶಲ ಅಭಿವೃದ್ಧಿ ನಿಗಮದ್ದು. ಗಿಲಕಿಯನ್ನೂ ಗೋಪುರವನ್ನೂ ಅಲ್ಲಿಯೇ ತಂದೆ. ಆದರೆ ಒಂದು ದಿನ ಬಿಡುವಿದ್ದರೆ ಚನ್ನಪಟ್ಟಣಕ್ಕೇ ಹೋಗುವುದು ಲೇಸು. ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್. ಈಚೆಗೆ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಾದ ರಾಮನಗರ ಜಿಲ್ಲೆಯಲ್ಲಿದೆ. ನಾವು 2023ರ ಡಿಸೆಂಬರಿನಲ್ಲಿ ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣದಿಂದ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಹೋದೆವು. ಆ ವರ್ಷ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಿಂದ ನನಗೆ ಟಿಕೆಟ್ ಇಲ್ಲ, ಮಕ್ಕಳಿಬ್ಬರೂ ಆರು ವರ್ಷದೊಳಗಿನವರು; ನಾಲ್ವರ ಪ್ರವಾಸಕ್ಕೆ ಮನೆಯವರೊಬ್ಬರೇ ಟಿಕೆಟ್ ಕೊಂಡರು. ಬುತ್ತಿಗೆ ಚಿತ್ರಾನ್ನ ಕಟ್ಟಿದ್ದೆ. ಹೆದ್ದಾರಿಯ ಬದಿಯ ಥಳಕಿನ ಅಂಗಡಿಗಳನ್ನು ದಾಟಿ ಊರೊಳಗಿನ ಗಲ್ಲಿಗಳಿಗೆ ಇಳಿದರೆ ಲೇತಿನ ಸದ್ದೇ ದಾರಿ ತೋರಿಸುತ್ತದೆ.

ನಾವು ನಿಂತದ್ದು ಒಬ್ಬ ವಯಸ್ಸಾದ ಕುಶಲಕರ್ಮಿಯ ಮನೆಯ ಮುಂದೆ. ಮಗಳು ಅರ್ಧ ಗಂಟೆ ಕಣ್ಣು ಮಿಟುಕಿಸದೆ ನೋಡಿದಳು. ಮರದ ತುಂಡೊಂದು ಅವಳ ಎದುರಿಗೇ ಬುಗುರಿಯಾಗಿ, ಹಳದಿ ಗೆರೆ, ಹಸಿರು ಗೆರೆ ಮೂಡಿ, ಇನ್ನೂ ಬೆಚ್ಚಗಿರುವಾಗಲೇ ಅವಳ ಅಂಗೈಗೆ ಬಂತು. ಅಂಗಡಿಗಳು ತೆಗೆದುಕೊಳ್ಳದ, ಬಣ್ಣ ಸ್ವಲ್ಪ ಚೆಲ್ಲಿದ, ಅಳತೆ ಕೂದಲೆಳೆ ತಪ್ಪಿದ ಸಾಮಾನುಗಳನ್ನು ಅವರು ಒಂದು ಗೋಣಿಯಲ್ಲಿ ಬೇರೆ ಇಟ್ಟಿದ್ದರು. ‘ಆರಿಸಿಕೊಳ್ಳಿ ಅಮ್ಮ, ಮಕ್ಕಳ ಕಣ್ಣಿಗೆ ಇದರಲ್ಲಿ ಏನೂ ಕಾಣಲ್ಲ’ ಎಂದರು. 200 ರೂಪಾಯಿಗೆ ಚೀಲ ತುಂಬಿತು: ಜೋಡಿಯಿಲ್ಲದ ಚಕ್ರಗಳು, ಮುಚ್ಚಳವಿಲ್ಲದ ಡಬ್ಬಿಗಳು, ತಲೆ ಮಾತ್ರ ಇರುವ ಸೈನಿಕರು. ಆ ಚೀಲದ ಚಕ್ರಗಳು ಈಗ ಹೋಟೆಲಿನ ದೋಸೆಗಳು. ನವರಾತ್ರಿಯಲ್ಲಿ ಪಟ್ಟದ ಗೊಂಬೆಗಳ ಕೆಳಗಿನ ಮೆಟ್ಟಿಲಿನಲ್ಲಿ ಸೈನಿಕರ ತಲೆಗಳು ರಾಗಿಯ ಪೈರಿನ ನಡುವೆ ಕಾವಲಿಗೆ ನಿಲ್ಲುತ್ತವೆ.

ಹುಟ್ಟುಹಬ್ಬದ ರಿಟರ್ನ್ ಗಿಫ್ಟಿಗೂ ಒಂದು ದಾರಿ ಅಲ್ಲೇ ಸಿಕ್ಕಿತು. ಬೆಂಗಳೂರಿನಲ್ಲಿ ಮಗುವಿನ ಹುಟ್ಟುಹಬ್ಬವೆಂದರೆ ಬಂದ ಮಕ್ಕಳಿಗೆಲ್ಲ ಏನಾದರೂ ಕೊಟ್ಟು ಕಳುಹಿಸುವ ಪದ್ಧತಿ ಬೇರೂರಿದೆ, ಇದರಲ್ಲಿ ಮೇಲಾಟವೂ ಇದೆ. ಸಗಟಾಗಿ ಕೊಂಡರೆ ಬುಗುರಿಯೊಂದಕ್ಕೆ 25 ರೂಪಾಯಿ ಬಿತ್ತು. ಇಪ್ಪತ್ತು ಮಕ್ಕಳಿಗೆ 500. ಆ ಖರ್ಚು ಹುಟ್ಟುಹಬ್ಬದ ಲೆಕ್ಕಕ್ಕೆ ಸೇರಿದ್ದು. ಕೊಡುವಾಗ ನನಗೆ ಸಂಕೋಚವಿತ್ತು. ಹಿಂದಿನ ತಿಂಗಳು ಬೇರೊಂದು ಮಗುವಿನ ಹುಟ್ಟುಹಬ್ಬದಲ್ಲಿ ಮಗಳಿಗೆ ನೀರಿನ ಬಾಟಲಿಯೂ ಬಣ್ಣದ ಪೆಟ್ಟಿಗೆಯೂ ಬಂದಿದ್ದವು. ಆದರೆ ಕೇಕ್ ಕತ್ತರಿಸುವ ಮೊದಲೇ ಇಪ್ಪತ್ತು ಮಕ್ಕಳೂ ನೆಲದ ಮೇಲೆ ಕೂತು ಯಾರ ಬುಗುರಿ ಕೊನೆಗೆ ಬೀಳುತ್ತದೆಂದು ಪಂದ್ಯ ಹೂಡಿದ್ದರು.

ಇಷ್ಟೆಲ್ಲ ಹೊಗಳಿದ ಮೇಲೆ ಮರದ ಆಟಿಕೆ ಎಲ್ಲ ಆಸೆಯನ್ನೂ ತಣಿಸುತ್ತದೆ ಎಂದರೆ ಸುಳ್ಳಾಗುತ್ತದೆ. ಏಳನೆಯ ಹುಟ್ಟುಹಬ್ಬಕ್ಕೆ ಮಗಳಿಗೆ ಬೇಕಾದದ್ದು ರಿಮೋಟ್ ಕಾರು. ಗೆಳತಿಯ ಮನೆಯಲ್ಲಿ ನೋಡಿದ್ದಳು, ಎರಡು ತಿಂಗಳು ಬಾಯಿ ಬಿಟ್ಟು ಕೇಳಿರಲಿಲ್ಲ, ಕೇಳದೆಯೇ ಚಿತ್ರ ಬರೆದು ಗೋಡೆಗೆ ಅಂಟಿಸಿದ್ದಳು. 900 ರೂಪಾಯಿಗೆ ತಂದೆವು. 4,300ರಲ್ಲಿ ಅದೂ ಸೇರಿದೆ. ಒಂದು ತಿಂಗಳು ಮನೆಯೆಲ್ಲ ಓಡಿತು, ತಮ್ಮನ ಕಾಲಿಗೆ ಸಿಕ್ಕಿ ಮುರಿಯಿತು. ಆ ತಿಂಗಳು ಅವಳ ಮುಖ ನೋಡಿದ ನನಗೆ ಆ 900ನ್ನು ದಂಡದ ಬಾಬತ್ತಿಗೆ ದಾಟಿಸಲು ಮನಸ್ಸು ಬಂದಿಲ್ಲ. ಮರದ ಆಟಿಕೆಗಳಿಗೆ ತಿಂಗಳಿಗೆ 21 ರೂಪಾಯಿಯಷ್ಟೇ ಹೋಗುತ್ತಿದ್ದುದರಿಂದಲೇ ಆ ಹಣ ಕೂಡಿತ್ತು ಎಂಬುದೂ ನಿಜ.

ಹೊಸದಾಗಿ ಕೊಳ್ಳುವವರು ಪೂರ್ತಿ ಸೆಟ್ ಎಂದು ಒಂದೇ ಸಲ ಕೊಳ್ಳುವುದು ಬೇಡ. ಒಂದು ವರ್ಷದೊಳಗಿನ ಮಗುವಿಗೆ ಗಿಲಕಿ ಸಾಕು, ನಡೆಯಲು ಕಲಿತ ಮೇಲೆ ಬಂಡಿ, ಮಾತು ಬಂದ ಮೇಲೆ ಅಡುಗೆ ಸಾಮಾನು. ಹಣ ಒಂದಕ್ಕೇ ಸಾಲುವುದಾದರೆ ಕಣ್ಣು ಮುಚ್ಚಿ ಅಡುಗೆ ಸಾಮಾನನ್ನೇ ಕೊಳ್ಳಬಹುದು, ಗಂಡುಮಗುವಿಗೂ ಅದೇ. ನಮ್ಮ ಮನೆಯಲ್ಲಿ ಈಗ ಚಟ್ನಿ ಅರೆಯುವ ಹಕ್ಕು ಮಗನದು.

ಚನ್ನಪಟ್ಟಣದಿಂದ ಹೊರಡುವಾಗ ಆ ಹಿರಿಯರು ಹೇಳಿದ ಮಾತೊಂದು ನೆನಪಿನಲ್ಲಿದೆ. ಹೊಳಪು ಹೋದರೆ ಎಸೆಯಬೇಡಿ, ತನ್ನಿ, ಲೇತಿಗೆ ಕಟ್ಟಿ ಹೊಸ ಅರಗು ಹಾಕಿಕೊಡುತ್ತೇನೆ, ಒಂದಕ್ಕೆ 30 ರೂಪಾಯಿ ಕೊಟ್ಟರೆ ಸಾಕು ಎಂದಿದ್ದರು. ತುಮಕೂರಿನಲ್ಲಿರುವ ತಂಗಿಗೆ ಬರುವ ತಿಂಗಳು ಹೆರಿಗೆ. ಬಿಸಿನೀರು ಕುಡಿದ ಬಿಂದಿಗೆಯನ್ನೂ ಗಿಲಕಿಯನ್ನೂ ಒಂದು ಚೀಲಕ್ಕೆ ಹಾಕಿಟ್ಟಿದ್ದೇನೆ. ಗಿಲಕಿಯ ಹಿಡಿಗೆ ಹೊಸ ಅರಗು ಬೇಡ, ತಲೆಗೆ ಮಾತ್ರ ಸಾಕು ಎಂದು ಮಗಳು ಹಟ ಹಿಡಿದಿದ್ದಾಳೆ. ಹಿಡಿಯ ಮೇಲಿನ ಮೊದಲ ಸಾಲು ಹಲ್ಲಿನ ಗುರುತು ತನ್ನದಂತೆ.